ಹುಂಜದ ಕುಲ ಮರಿಯಲ್ಲಿ ನೋಡು

ತಮ್ಮಾ, ದೇವದುರ್ಗದ ಸಂತೆಯಿಂದ ಹುಂಜ ತಂದಿದ್ದೀಯಂತೆ, ‘ಪಕ್ಕಾ ಅಸೀಲ್’ ಅಂತ ಮಾರಿದರಂತೆ. ಹುಂಜ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ಪಕ್ಕಾ’ ಅನ್ನುವ ಮಾತಿಗೆ ಎಷ್ಟು ದುಡ್ಡು ತೆತ್ತೆ ಅಂತ ಯೋಚಿಸು.

ಅಸೀಲ್ ತಳಿಯ ಮೂಲ ನೆಲೆ ಅಂತ ಸರ್ಕಾರದ ದಾಖಲೆಯಲ್ಲಿ ಇರುವುದು ಆಂಧ್ರ, ಒಡಿಶಾ, ಛತ್ತೀಸಗಡ. ನಮ್ಮಲ್ಲಿಗೆ ಅದು ಗದ್ವಾಲ, ಆದೋನಿ ಕಡೆಯ ನೆಂಟರ ಕೈಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆ ಬಂದಮೇಲೆ ಮಾನ್ವಿ ಕಡೆ ಕ್ಯಾಂಪು ಕಟ್ಟಿಕೊಂಡ ಭತ್ತದ ರೈತರ ಜೊತೆಯಲ್ಲಿ ಬಂದಿರಬೇಕು. ಬಂದದ್ದು ಹಿತ್ತಲಲ್ಲಿ ಜವಾರಿ ಹ್ಯಾಟಿಗಳ ನಡುವೆ ಮೇಯ್ದಿದೆ. 1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿಟ್ಟ ಗಿರಿರಾಜ ತಳಿಯೂ ಇದೇ ಹಿತ್ತಲು ಹೊಕ್ಕಿತು. ಯಾರ ರಕ್ತ ಯಾರಲ್ಲಿದೆ ಅಂತ ಬರೆದಿಟ್ಟವರು ಯಾರೂ ಇಲ್ಲ.

ಬಣ್ಣ ತೋರಿಸಿ ಕುಲ ಹೇಳುವವರನ್ನು ನಂಬಬೇಡ. ಪೀಲಾ, ಯಾಕುಬ್, ಕಾಗರ್ ಅನ್ನುತ್ತಾರೆ. ತೆಲುಗು ಬಲ್ಲವರು ಡೇಗ, ಕಾಕಿ, ನೆಮಲಿ, ಸೇತುವ ಅನ್ನುತ್ತಾರೆ. ಅವೆಲ್ಲ ಪುಕ್ಕದ ಬಣ್ಣದ ಹೆಸರು. ಕೆಂಪು ಪುಕ್ಕ ಯಾವ ಜವಾರಿ ಹುಂಜಕ್ಕೂ ಬರುತ್ತದೆ.

ಕತ್ತಲಾಗಿ ಗೂಡು ಸೇರಿದ ಮೇಲೆ ಹಿಡಿದು ನೋಡು, ಆಗ ಕೊಸರಾಡುವುದು ಕಡಿಮೆ. ಮೊದಲು ತಲೆ. ಜವಾರಿ ಹುಂಜಕ್ಕೆ ಸಾಮಾನ್ಯವಾಗಿ ಗರಗಸದ ಹಲ್ಲಿನಂಥ ಒಂಟಿ ಜುಟ್ಟು. ಅಸೀಲಿನ ಜುಟ್ಟು ಗಿಡ್ಡ, ನೆತ್ತಿಗೆ ಅಂಟಿಕೊಂಡು ಮೂರು ಸಾಲು ಗಂಟು. ಗಲ್ಲದ ಕೆಳಗಿನ ಜೋಲು ಇದ್ದೂ ಇಲ್ಲದಂತೆ. ಹುಬ್ಬಿನ ಎಲುಬು ಮುಂದೆ ಚಾಚಿರುತ್ತದೆ, ಕೊಕ್ಕು ಗಿಡ್ಡ ಮತ್ತು ದಪ್ಪ. ಆಮೇಲೆ ಎದೆ ಸವರು. ಪುಕ್ಕ ಕಡಿಮೆ, ಬಿಗಿ. ಎದೆಯ ಎಲುಬಿನ ಮೇಲೆ ಕೆಂಪು ಚರ್ಮ ಬಯಲಾಗಿ ಕಾಣಬೇಕು, ಮಾಂಸ ಒತ್ತಿದರೆ ಒಳಗೆ ಹೋಗಬಾರದು. ನೆಲಕ್ಕೆ ಬಿಟ್ಟಾಗ ಕತ್ತು ನೆಟ್ಟಗೆ, ಬಾಲ ಕೆಳಗೆ. ಬರೀ ದಪ್ಪಗಿದ್ದು ಮೈ ಮೆತ್ತಗಿದ್ದರೆ ನನಗೆ ಗಿರಿರಾಜದ ಮೇಲೇ ಅನುಮಾನ.

ಇಷ್ಟು ನೋಡಿದರೂ ಪೂರ್ತಿ ತಿಳಿಯುವುದಿಲ್ಲ. ಆ ಗಿಡ್ಡ ಜುಟ್ಟು ತಂದೆ ತಾಯಿಯಲ್ಲಿ ಒಬ್ಬರಿಂದ ಬಂದರೂ ಮರಿಯಲ್ಲಿ ಕಾಣಿಸಿಕೊಳ್ಳುತ್ತದೆ, ಹಾಗಾಗಿ ಬೆರಕೆ ಹುಂಜವೂ ಅಸೀಲಿನ ತಲೆ ಹೊತ್ತು ತಿರುಗಬಹುದು. ಪರೀಕ್ಷೆ ಮಾಡಬೇಕೆಂದರೆ ಒಂಟಿ ಜುಟ್ಟಿನ ಜವಾರಿ ಹ್ಯಾಟಿಯನ್ನು ಅದಕ್ಕೆ ಜೊತೆ ಮಾಡು. ಅವಸರ ಬೇಡ. ಹಳೆಯ ಹುಂಜದ ಬೀಜ ಹ್ಯಾಟಿಯ ಮೈಯಲ್ಲಿ ಎರಡು ಮೂರು ವಾರ ಉಳಿದಿರುತ್ತದೆ. ಬೇರೆ ಹುಂಜ ಸೋಕದಂತೆ ಮೂರು ವಾರ ಕಳೆದ ಮೇಲಿನ ಮೊಟ್ಟೆಯನ್ನೇ ಕಾವಿಗೆ ಇಡು. 21ನೇ ದಿನ ಮರಿ ಹೊರಬಂದಾಗ ನೆತ್ತಿಯನ್ನು ಬೆಳಕಿಗೆ ಹಿಡಿ. ತೆಳ್ಳನೆ ಒಂದೇ ಗೆರೆ ಇದ್ದರೆ ಒಂಟಿ ಜುಟ್ಟು, ಅಗಲವಾಗಿ ಮೂರು ಸಾಲಿದ್ದರೆ ಗಿಡ್ಡ ಜುಟ್ಟು. ಒಂದೇ ಒಂದು ಮರಿಗೆ ಒಂಟಿ ಜುಟ್ಟು ಬಂದರೂ ನಿನ್ನ ಹುಂಜ ಬೆರಕೆ. ಹನ್ನೆರಡಕ್ಕೆ ಹನ್ನೆರಡೂ ಮೂರು ಸಾಲಿನವಾದರೆ ಜುಟ್ಟಿನ ಮಟ್ಟಿಗೆ ಅದು ಶುದ್ಧ ಅನ್ನಬಹುದು. ಉಳಿದ ಗುಣಕ್ಕೆ ಇನ್ನೂ ಎರಡು ತಲೆಮಾರು ಸಾಕಿ ನೋಡಬೇಕು.

ಬೆರಕೆ ಅಂತ ಗೊತ್ತಾದರೆ ಮುಖ ಸಣ್ಣದು ಮಾಡಿಕೊಳ್ಳಬೇಡ. ಅಪ್ಪಟ ಅಸೀಲ್ ಹ್ಯಾಟಿ ಇಡುವ ಮೊಟ್ಟೆ ಬಲು ಕಡಿಮೆ. ಬೆರಕೆ ಹ್ಯಾಟಿ ಮನೆಗೆ ಹೆಚ್ಚು ಉಪಯೋಗ ಅನ್ನುವುದು ನನ್ನ ಲೆಕ್ಕ. ಗಿರಿರಾಜದ ರಕ್ತ ಜಾಸ್ತಿಯಿದ್ದರೆ ಮಾತ್ರ ಕಾವಿಗೆ ಕೂರುವುದು ಅಪರೂಪ, ಆ ಮೊಟ್ಟೆಗಳನ್ನು ಜವಾರಿ ಹ್ಯಾಟಿಯ ಕೆಳಗೆ ಇಡು.

ಇಂಥ ರಕ್ತದ ಹುಂಜಮರಿಗಳು ಬೇಗ ಕಾದಾಟಕ್ಕೆ ಇಳಿಯುತ್ತವೆ. ಮೂರು ತಿಂಗಳು ತುಂಬುತ್ತಲೇ ಬೇರೆ ಮಾಡು, ನಡುವೆ ಒಂದಕ್ಕೊಂದು ಕಾಣದಂತೆ ತಟ್ಟಿ ಕಟ್ಟು. ರಾಯಚೂರಿನಲ್ಲಿ ಮಾಳಿಗೆ ಮೇಲೆ ಸಾಕುವವರಿದ್ದಾರೆ. ಹಾಗೆ ಸಾಕಿದರೆ ಏಪ್ರಿಲ್, ಮೇ ಬಿಸಿಲಿಗೆ ತಗಡಿನ ಕೆಳಗೆ ಕೋಳಿ ಬೇಯುತ್ತದೆ. ಬೇವಿನ ನೆರಳು, ಮಣ್ಣಿನ ಪಾತ್ರೆಯಲ್ಲಿ ನೀರು ಇರಲಿ.

ಸಂತೆಯಿಂದ ತಂದದ್ದನ್ನು ಮೂರು ವಾರ ದೂರವೇ ಕಟ್ಟು. ಕೊಕ್ಕರೆ ರೋಗ ಬಂದರೆ ಅಸೀಲು, ಜವಾರಿ ಅಂತ ಭೇದ ಮಾಡುವುದಿಲ್ಲ. ಮರಿಗೆ ಮೊದಲ ವಾರದಲ್ಲಿ ಲಸಿಕೆಯ ಹನಿ, ಎಂಟು ವಾರಕ್ಕೆ ಚುಚ್ಚುಮದ್ದು. ಲಸಿಕೆಯ ಬಾಟಲಿ ಬರುವುದು ನೂರಾರು ಕೋಳಿಗಳ ಲೆಕ್ಕದಲ್ಲಿ. ಕಲಸಿದ ಮೇಲೆ ತಾಸೆರಡು ತಾಸಿನಲ್ಲಿ ಮುಗಿಯಬೇಕು. ನಿನ್ನ ಹತ್ತು ಕೋಳಿಗೆ ಅಂತ ಒಂದು ಬಾಟಲಿ ಒಡೆಯಬೇಡ, ಓಣಿಯವರನ್ನೆಲ್ಲ ಕೂಡಿಸಿಕೊಂಡು ಪಶು ಆಸ್ಪತ್ರೆಗೆ ಹೋಗು.

ಸಂಕ್ರಾಂತಿ ಸಮೀಪಿಸಿದಾಗ ಗಡಿಯಾಚೆಯಿಂದ ಯಾರಾದರೂ ಹುಂಜ ಕೇಳಿಕೊಂಡು ಬಂದು, ಕಾಲು ಹಿಡಿದು ತೂಗಿ, ದೊಡ್ಡ ಬೆಲೆ ಹೇಳಬಹುದು. ಯಾತಕ್ಕೆ ಅಂತ ಕೇಳಬೇಕಾದ್ದೇ ಇಲ್ಲ. ಹುಂಜ ಸಾಕುವುದು ತಪ್ಪಲ್ಲ. ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಅಂಥವರಿಗೆ ಕೊಡಬೇಡ. ಬೇರೆಯವರಿಗೆ ಮರಿ ಮಾರುವಾಗ ತಂದೆ ಎಂಥದ್ದು, ತಾಯಿ ಎಂಥದ್ದು, ಮರಿಗಳ ಜುಟ್ಟು ಹೇಗೆ ಬಂತು ಅಂತ ಕಂಡಷ್ಟನ್ನು ಹೇಳು. ‘ಪಕ್ಕಾ’ ಅನ್ನದಿದ್ದರೆ ನೂರಿನ್ನೂರು ಕಡಿಮೆ ಸಿಗಬಹುದು, ಸಿಗಲಿ.