ಇಂದಿನ ಧಮ್ಮ ಚಿಂತನೆ: ನೀರಿನ ಹಕ್ಕು, ನೀರಿನ ಶೀಲ



1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ದನಕರು ಕುಡಿಯಬಹುದಾದ ನೀರನ್ನು ನಮ್ಮವರು ಮುಟ್ಟುವಂತಿರಲಿಲ್ಲ. ಮೊಕದ್ದಮೆ ಮುಗಿದು ಬಾಂಬೆ ಹೈಕೋರ್ಟಿನಲ್ಲಿ ಗೆಲುವು ಸಿಕ್ಕಿದ್ದು 1937ರಲ್ಲಿ. ಹತ್ತು ವರ್ಷ ಕಾದು ಪಡೆದ ಹಕ್ಕು ಅದು.

ಈಗ ನಮ್ಮೂರಿನ ಕುಕ್ಕರಹಳ್ಳಿ ಕೆರೆಯನ್ನು ನೋಡೋಣ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಕೆರೆ. ಅದರ ದಡಕ್ಕೆ ಹೋಗಲು ಇಂದು ಯಾರೂ ನಮ್ಮ ಜಾತಿ ಕೇಳುವುದಿಲ್ಲ. ಆದರೆ ಮಳೆನೀರು ತರುವ ಕಾಲುವೆ ಒತ್ತುವರಿಯಾಗಿ, ಬಡಾವಣೆಗಳ ಕೊಳಚೆ ಸೇರಿ, ಆ ನೀರು ಎಷ್ಟೋ ಸಲ ಪಾಚಿಗಟ್ಟಿ ನಾರಿದೆ. ನೀರೇ ಕೆಟ್ಟ ಮೇಲೆ ಮುಟ್ಟುವ ಹಕ್ಕಿನಿಂದ ಏನು ಪ್ರಯೋಜನ? ಹಣವಿದ್ದವರು ಕ್ಯಾನ್ ನೀರು ತರಿಸುತ್ತಾರೆ. ಇಲ್ಲದವರು?

ಶಾಕ್ಯರಿಗೂ ಕೋಲಿಯರಿಗೂ ರೋಹಿಣಿ ನದಿಯ ನೀರಿಗಾಗಿ ಜಗಳ ಬಂತು. ಯುದ್ಧ ಬೇಡ, ಕೂತು ಬಗೆಹರಿಸೋಣ ಎಂದ ಸಿದ್ಧಾರ್ಥನ ಮಾತು ಸಂಘದಲ್ಲಿ ಸೋತಿತು. ಅವನು ಮನೆ ಬಿಡಲು ಅದೇ ಕಾರಣ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬರೆದಿದ್ದಾರೆ. ಮುಂದೆ ವಿನಯದಲ್ಲಿ ಭಿಕ್ಖುಗಳಿಗೆ ಒಂದು ನಿಯಮವೂ ಬಂತು: ಕಾಯಿಲೆಯಿಲ್ಲದ ಭಿಕ್ಖು ನೀರಿನಲ್ಲಾಗಲಿ, ಹಸಿರಿನ ಮೇಲಾಗಲಿ ಮಲಮೂತ್ರ ಮಾಡಬಾರದು, ಉಗುಳಬಾರದು. ನೀರು ನಮ್ಮನ್ನು ದಾಟಿ ಇನ್ನೊಬ್ಬರ ಬಾಯಿಗೆ ಹೋಗುತ್ತದಲ್ಲವೇ?

ಇನ್ನೊಂದು ಮಾತು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲು ಬಂತು. ಆ ಹೆಸರು ತಂದವರು ಪೌರಕಾರ್ಮಿಕರು. ಅವರಲ್ಲಿ ಹೆಚ್ಚಿನವರು ನಮ್ಮವರೇ. ರಕ್ಷಣೆಯಿಲ್ಲದೆ ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದರೂ ಮೋರಿ ಕಟ್ಟಿಕೊಂಡ ದಿನ ಯಾರಿಗೆ ಕರೆ ಹೋಗುತ್ತದೆ ಎಂಬುದು ನಮಗೆ ಗೊತ್ತು. ನಾವು ಮೋರಿಗೆ ಎಸೆದ ಪ್ಲಾಸ್ಟಿಕ್ ಕವರನ್ನು ಎತ್ತುವ ಕೈ ನಮ್ಮ ಅಣ್ಣನದೋ ಅಕ್ಕನದೋ ಆಗಿರುತ್ತದೆ. ಹಾಗಾಗಿ ಪರಿಸರ ಕಾಪಾಡುವುದು ಬೆಳಗಿನ ವಾಕಿಂಗ್‌ನವರ ಹವ್ಯಾಸವಷ್ಟೇ ಅಲ್ಲ, ನಮ್ಮ ಆತ್ಮಗೌರವದ ಪ್ರಶ್ನೆ.

*ಇಂದಿನ ಅಭ್ಯಾಸ:*
1. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವುದು.
2. ಭೀಮ ಜಯಂತಿ, ಬುದ್ಧ ಪೂರ್ಣಿಮೆಯ ಊಟಕ್ಕೆ ಥರ್ಮಾಕೋಲ್ ತಟ್ಟೆ ಬಿಟ್ಟು ಸ್ಟೀಲ್ ತಟ್ಟೆ ಇಲ್ಲವೇ ಬಾಳೆಎಲೆ ಬಳಸುವುದು.
3. ಬೀದಿಯ ಒಳಚರಂಡಿ ನೀರು ಮಳೆ ಮೋರಿಗೆ ಸೇರುತ್ತಿದ್ದರೆ ನಾಲ್ಕು ಜನ ಸಹಿ ಹಾಕಿ ಪಾಲಿಕೆಗೆ ಅರ್ಜಿ ಕೊಡುವುದು.

*ಚಿಂತನೆಗೆ:* ನನ್ನ ಮನೆಯಿಂದ ಹೊರಟ ನೀರು ಎಲ್ಲಿಗೆ ಹೋಗುತ್ತದೆ? ಅದನ್ನು ಯಾರು ಮುಟ್ಟುತ್ತಾರೆ?

ಸಾಧು, ಸಾಧು, ಸಾಧು. ಜೈ ಭೀಮ್ 💙