ನಮ್ಮದೇ ಲಿನಕ್ಸ್ ಕರ್ನಲ್ ಕಟ್ಟುವುದು: ಎರಡು ಅವಧಿಗಳ ಪ್ರಾಯೋಗಿಕ ಪಾಠ

ಕರ್ನಲ್ ಸಂಕಲನವನ್ನು ಕೆಲವು ಆದೇಶಗಳ ಪಟ್ಟಿಯಾಗಿ ಕಲಿಸುವುದು ಸುಲಭ. ಆದರೆ ಹೊಸ ಕರ್ನಲ್ ಬೂಟ್ ಆಗದೆ ನಿಂತಾಗ ಕಾರಣ ಹುಡುಕಲು ಆ ಪಟ್ಟಿ ನೆರವಾಗದು. ಆದ್ದರಿಂದ ಪಾಠದ ಕೇಂದ್ರ ಒಂದೇ ಪ್ರಶ್ನೆಯಾಗಿರಲಿ: ಯಾವ ಚಾಲಕ ಕರ್ನಲ್‌ನ ಒಳಗಿರಬೇಕು, ಯಾವುದು ಹೊರಗಿರಬಹುದು?

ಪೂರ್ವಜ್ಞಾನ: ಟರ್ಮಿನಲ್ ಬಳಕೆ, ಕಡತ ವ್ಯವಸ್ಥೆಯ ಪರಿಚಯ.

ಸಿದ್ಧತೆ: ಪ್ರಯೋಗಾಲಯದ ಯಂತ್ರದಲ್ಲಿ ನೇರವಾಗಿ ಮಾಡದೆ ವರ್ಚುವಲ್ ಯಂತ್ರದಲ್ಲಿ ಮಾಡಿಸಿ. ಸುಮಾರು 30 ಜಿಬಿ ಖಾಲಿ ಜಾಗವಿರಲಿ. ಜಿಸಿಸಿ, ಮೇಕ್, ಫ್ಲೆಕ್ಸ್, ಬೈಸನ್ ಮತ್ತು ಎನ್‌ಕರ್ಸಸ್ ಮುಂಚಿತವಾಗಿ ಅನುಸ್ಥಾಪಿಸಿರಬೇಕು.

ಮೊದಲ ಅವಧಿ: ಸಂರಚನೆ

1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಈ ಕರ್ನಲ್‌ನ ಮೂಲ ಸಂಕೇತ ಎಲ್ಲರಿಗೂ ಮುಕ್ತ. ಅದನ್ನು ಬದಲಿಸುವ ಹಕ್ಕನ್ನು ಜಿಪಿಎಲ್ ಪರವಾನಗಿ ನೀಡುತ್ತದೆ ಎಂದು ತಿಳಿಸಿ. ಈಗಿರುವ ಕರ್ನಲ್‌ನ ಸಂರಚನಾ ಕಡತವನ್ನು ಬೂಟ್ ಕೋಶದಿಂದ ನಕಲಿಸಿ, ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’, ಬಳಿಕ ‘ಮೇಕ್ ಮೆನುಕಾನ್ಫಿಗ್’ ಕೊಡಿಸಿ. ಬಹುತೇಕ ಚಾಲಕಗಳಿಗೆ ಮೂರು ಆಯ್ಕೆಗಳುಂಟು: ವೈ ಎಂದರೆ ಕರ್ನಲ್‌ನೊಳಗೇ, ಎಂ ಎಂದರೆ ಬೇಕಾದಾಗ ಸೇರುವ ಮಾಡ್ಯೂಲ್, ಎನ್ ಎಂದರೆ ಬೇಡ.

ಈಗ ಕೇಳಿ: ಡಿಸ್ಕ್ ಓದಲು ಬೇಕಾದ ಇಎಕ್ಸ್‌ಟಿ4 ಮಾಡ್ಯೂಲ್ ಅದೇ ಡಿಸ್ಕ್‌ನಲ್ಲಿದ್ದರೆ? ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತೆ ಎಂಬುದನ್ನು ಮಕ್ಕಳೇ ಹೇಳಲಿ. ಇನಿಟ್‌ರಾಮ್‌ಎಫ್‌ಎಸ್ ಎಂಬುದು ಹೊರಗಿಟ್ಟ ಇನ್ನೊಂದು ಕೀಲಿ. ಬೂಟ್ ಲೋಡರ್ ಅದನ್ನು ಕರ್ನಲ್ ಜೊತೆಗೇ ಸ್ಮೃತಿಗೆ ತರುತ್ತದೆ.

ಇಎಕ್ಸ್‌ಟಿ4 ಅನ್ನು ಎಂ ಆಗಿಸಿ, ಲೋಕಲ್ ವರ್ಷನ್ ಅಂಶದಲ್ಲಿ ‘ಲ್ಯಾಬ್’ ಎಂಬ ಗುರುತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ ಉಳಿಸಲಿ. ‘ಮೇಕ್’ ಆರಂಭಿಸಿ ಅವಧಿ ಮುಗಿಸಿ. ಸಂಕಲನಕ್ಕೆ ಗಂಟೆಗಳೇ ಬೇಕಾಗಬಹುದು.

ಎರಡನೆಯ ಅವಧಿ: ಅನುಸ್ಥಾಪನೆ ಮತ್ತು ಪರೀಕ್ಷೆ

ಮೊದಲು ‘ಮೇಕ್ ಮಾಡ್ಯೂಲ್ಸ್ ಇನ್‌ಸ್ಟಾಲ್’, ನಂತರ ‘ಮೇಕ್ ಇನ್‌ಸ್ಟಾಲ್’. ಈ ಕ್ರಮ ತಪ್ಪಬಾರದು: ಮಾಡ್ಯೂಲ್‌ಗಳು ಸ್ಥಳದಲ್ಲಿದ್ದರೆ ಮಾತ್ರ ಇನಿಟ್‌ರಾಮ್‌ಎಫ್‌ಎಸ್ ಅವನ್ನು ಒಳಗೊಳ್ಳುತ್ತದೆ. ಹಳೆಯ ಕರ್ನಲ್ ಅಳಿಸಕೂಡದು. ಬೂಟ್ ಆದ ಮೇಲೆ ‘ಯುನೇಮ್’ ಆದೇಶ ಹೊಸ ಹೆಸರು ತೋರಿಸಿದರೆ ಯಶಸ್ಸು.

ಬಳಿಕ ಗ್ರಬ್ ಪಟ್ಟಿಯಲ್ಲಿ ‘ಇ’ ಒತ್ತಿ, ರೂಟ್ ವಿಭಾಗದ ಯುಯುಐಡಿ ಬದಲು ಸಾಧನದ ಹೆಸರು ಬರೆದು, ಇನಿಟ್‌ಆರ್‌ಡಿ ಸಾಲನ್ನು ಅಳಿಸಿ ಬೂಟ್ ಮಾಡಿಸಿ. ಯುಯುಐಡಿಯನ್ನು ಹುಡುಕುವುದೂ ಇನಿಟ್‌ರಾಮ್‌ಎಫ್‌ಎಸ್‌ನ ಕೆಲಸವಾದ್ದರಿಂದ, ಅದನ್ನು ಬದಲಿಸದಿದ್ದರೆ ದೋಷದ ಕಾರಣ ಎರಡಾಗಿ ಮಕ್ಕಳು ಗೊಂದಲಗೊಳ್ಳುತ್ತಾರೆ. ಕರ್ನಲ್ ಪ್ಯಾನಿಕ್ ಸಂದೇಶ ಪರದೆಗೆ ಬರುತ್ತದೆ. ತರಗತಿ ಅದನ್ನು ಗಟ್ಟಿಯಾಗಿ ಓದಲಿ: ರೂಟ್ ಕಡತ ವ್ಯವಸ್ಥೆ ಸಿಗಲಿಲ್ಲ ಎಂದೇ ಅದು ಹೇಳುತ್ತಿದೆ. ಈ ತಿದ್ದುಪಡಿ ಒಂದು ಬಾರಿಗೆ ಮಾತ್ರ. ಮರುಬೂಟ್ ಮಾಡಿದರೆ ಎಲ್ಲವೂ ಮೊದಲಿನಂತೆ.

ಮೌಲ್ಯಮಾಪನ

1. ಇನಿಟ್‌ರಾಮ್‌ಎಫ್‌ಎಸ್ ಇಲ್ಲದೆ ಬೂಟ್ ಆಗಲು ಯಾವ ಯಾವ ಚಾಲಕಗಳನ್ನು ವೈ ಮಾಡಬೇಕು? ಇಎಕ್ಸ್‌ಟಿ4 ಒಂದೇ ಸಾಕೆ?
2. ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಆಗ ಸೇರಿಕೊಂಡಿರುವ ಮಾಡ್ಯೂಲ್‌ಗಳನ್ನಷ್ಟೇ ಉಳಿಸುತ್ತದೆ. ಪೆನ್ ಡ್ರೈವ್ ಜೋಡಿಸದೆ ಅದನ್ನು ಬಳಸಿದರೆ ಮುಂದೆ ಏನಾಗಬಹುದು?

ಎರಡನೆಯ ಪ್ರಶ್ನೆಗೆ ಕಾರಣಸಹಿತ ಉತ್ತರ ಕೊಟ್ಟ ವಿದ್ಯಾರ್ಥಿಗೆ ಆದೇಶಗಳ ಪಟ್ಟಿ ಬಾಯಿಪಾಠವಾಗಿರಬೇಕಿಲ್ಲ.