ಐದು ನಕ್ಷತ್ರಕ್ಕೆ ಮರುಳಾಗಬೇಡಿ

ರಜೆ ಬಂತೆಂದರೆ ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಮನೆಗಳಲ್ಲಿ ಮೊಬೈಲಿನೊಳಗೆ ರೋಬೋಟ್‌ಗಳ ಗುದ್ದಾಟ ಶುರು. ಭಾರತದ್ದೇ ಆದ ರಿಲಯನ್ಸ್ ಗೇಮ್ಸ್‌ನ ‘ರಿಯಲ್ ಸ್ಟೀಲ್ ವರ್ಲ್ಡ್ ರೋಬೋಟ್ ಬಾಕ್ಸಿಂಗ್’ ಕೂಡ ಇಂಥದ್ದೇ. ಇಳಿಸಿಕೊಳ್ಳಲು ದುಡ್ಡು ಬೇಡ, ಒಳಗೆ ಖರೀದಿಯುಂಟು.

ಆಟಗಾರರ ಅಭಿಪ್ರಾಯ ನೋಡುವಾಗ ‘ಸೂಪರ್’ ಎಂದವರನ್ನು ದಾಟಿ, ಎರಡು-ಮೂರು ನಕ್ಷತ್ರ ಕೊಟ್ಟವರ ಇತ್ತೀಚಿನ ಮಾತನ್ನು ಓದಿ; ಪಂದ್ಯ ಸಮಬಲದ್ದೇ ಎಂಬುದು ಅಲ್ಲಿ ತಿಳಿಯಬಹುದು. ದಸರಾ ಕುಸ್ತಿಯಲ್ಲಿ ಪೈಲ್ವಾನರ ತೂಕ ನೋಡಿ ಜೋಡಿ ಕಟ್ಟುತ್ತಾರೆ. ಆದರೆ ಇಂಥ ಮೊಬೈಲ್ ಆಟಗಳಲ್ಲಿ ದುಡ್ಡು ಸುರಿದು ಬಲ ಹೆಚ್ಚಿಸಿಕೊಂಡ ರೋಬೋಟ್ ಎದುರಿಗೆ ನಿಲ್ಲಬಹುದು. ಸೋತ ಮಗು ನಿಮ್ಮ ಫೋನಿನಲ್ಲೇ ‘ಖರೀದಿಸಿ’ ಒತ್ತುತ್ತದೆ.

ಗೂಗಲ್ ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ದುಡ್ಡು ಹೋಗಿದ್ದರೆ 48 ಗಂಟೆಯೊಳಗೇ ಮರುಪಾವತಿ ಕೇಳಿ. ಆಮೇಲೆ ಮಗುವಿನ ಪಕ್ಕ ಕೂತು ನೀವೂ ಒಂದು ಸುತ್ತು ಆಡಿ ನೋಡಿ.